ನಿನ್ನ ಕೈ ಅಲುಗಿರಲಿಲ್ಲ, ಗಿರಿಜಾ

ಗಿರಿಜಾ, ನಿನ್ನ ಕೈ ಅಲುಗಿರಲಿಲ್ಲ. ಅಲುಗಿದೆ ಎಂದು ಹೇಳಿದವಳು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಇಷ್ಟೇ ಮಾತು — ಇದನ್ನು ಆಡುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು ನೋಡು. ಬ್ಯಾಂಕಿನಲ್ಲಿ ಯಾರ ತಪ್ಪನ್ನಾದರೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದ ಬಾಯಿಬಡುಕಿ ನಾನು. ನನ್ನದೇ ಸರದಿ ಬಂದಾಗ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಆ ಮನೆ ನಿನಗೆ ನೆನಪಿರಲೇಬೇಕು. ಕೆಳಗೆ ನೀವು, ಮೇಲೆ ನಾನು. ನೀನು ಗದಗದ ಕಡೆಯವಳು, ಸೊಂಟದ ಮೇಲೆ ಪುಟ್ಟ ಪಲ್ಲವಿ. ನಿನ್ನ ಗಂಡ ಬಸವರಾಜ ನೌಕಾದಳದವನು, ಹಡಗು ಹತ್ತಿದರೆ ತಿಂಗಳುಗಟ್ಟಲೆ ಮುಖ ಕಾಣದು. ನಾನು ತುಮಕೂರಿನಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ, ಮದುವೆಯಿಲ್ಲದ ಒಂಟಿ ಹೆಂಗಸು. ನನ್ನ ಹತ್ತಿರ ಇದ್ದದ್ದು ಅಣ್ಣ ಕೊಟ್ಟಿದ್ದ ಒಂದು ಭಾರವಾದ ಹಳೆಯ ಕ್ಯಾಮರಾ. ಅಲ್ಲಿದ್ದ ನಮ್ಮ ಕನ್ನಡದ ಮನೆಗಳಲ್ಲಿ ನಾಮಕರಣವಿರಲಿ, ಹುಟ್ಟುಹಬ್ಬವಿರಲಿ, ಯುಗಾದಿಯ ಊಟವಿರಲಿ — ‘ಸರೋಜಕ್ಕನಿಗೆ ಹೇಳಿ, ಫೋಟೋ ತೆಗೀತಾರೆ’. ಮಕ್ಕಳು ನನ್ನನ್ನು ಫೋಟೋ ಆಂಟಿ ಎನ್ನುತ್ತಿದ್ದವು. ಊಟಕ್ಕೆ ಕರೆದು, ಎಲೆ ಅಡಿಕೆ ಕೊಟ್ಟು, ಬಾಗಿಲವರೆಗೆ ಬಂದು ಕಳಿಸುತ್ತಿದ್ದರು. ಕ್ಯಾಮರಾ ಇಲ್ಲದಿದ್ದರೆ ನನ್ನನ್ನು ಯಾರು ಕರೆಯುತ್ತಿದ್ದರು? ಆಗ ಈ ಪ್ರಶ್ನೆಯನ್ನು ನಾನು ಕೇಳಿಕೊಂಡವಳೇ ಅಲ್ಲ, ಆದರೆ ಉತ್ತರ ಹೊಟ್ಟೆಯೊಳಗೆ ಎಲ್ಲೋ ಇತ್ತು ಅನಿಸುತ್ತದೆ.

ಒಂದು ದಿನ ಬಸವರಾಜ ಮೆಟ್ಟಿಲು ಹತ್ತಿ ಬಂದ. “ಅಕ್ಕಾರ, ವಿಜಯವಾಡಕ್ಕ ಹೊಂಟೀರಂತಲ್ಲ. ಗಿರಿಜಾಗ ಒಂದು ಕ್ಯಾಮರಾ ಆರಿಸಿ ತರ್ರಿ. ಹುಡುಗಿ ಒಂದ್ ಕಡೆ ನಿಂದ್ರೂದಿಲ್ಲ, ಒತ್ತಿದ ಕೂಡ್ಲೆ ಫೋಟೋ ಬೀಳಬೇಕು. ನಾ ಸಮುದ್ರದಾಗ ಇದ್ದಾಗ ಇಕಿ ಬೆಳಿಯೂದು ನೋಡಬೇಕಲ್ರೀ.”

ವಿಜಯವಾಡದ ಗವರ್ನರ್‌ಪೇಟೆಯ ಆ ಅಂಗಡಿಯಲ್ಲಿ ನಾನು ನಿಜವಾಗಿ ಮನಸ್ಸಿಟ್ಟು ಆರಿಸಿದೆ, ಇದನ್ನು ನೀನು ನಂಬಬೇಕು. ಮೂರು ಕ್ಯಾಮರಾ ಮುಂದಿಟ್ಟರು. ಒಂದಕ್ಕೆ ಫೋಕಸ್ಸೇ ಇರಲಿಲ್ಲ. ದೂರದ್ದು ಪರವಾಗಿಲ್ಲ, ಹತ್ತಿರದ ಮುಖ ಮಾತ್ರ ಮಂಕು. ಇನ್ನೊಂದರ ಲೆನ್ಸಿನ ಸುತ್ತ ಒಂದು ತಲೆ, ಇಬ್ಬರು ಮನುಷ್ಯರು, ಒಂದು ಬೆಟ್ಟದ ಚಿತ್ರ — ಎಷ್ಟು ದೂರ ಅಂತ ಅಂದಾಜು ಮಾಡಿ ತಿರುಗಿಸಿಕೊಳ್ಳಬೇಕು. ನೀನು ತಿರುಗಿಸುವಷ್ಟರಲ್ಲಿ ಪಲ್ಲವಿ ಬೀದಿಯಾಚೆ ಇರುತ್ತಿದ್ದಳು! ಮೂರನೆಯದು ಕರಿಯದು, ಅಂಗೈ ಅಗಲದ್ದು, ತಾನೇ ಫೋಕಸ್ ಮಾಡಿಕೊಳ್ಳುವಂಥದ್ದು. “ನೊಕ್ಕಿತೇ ಚಾಲು ಮೇಡಂ,” ಎಂದ ಅಂಗಡಿಯವನು, ಒತ್ತಿದರೆ ಸಾಕಂತೆ. ಎದುರಿನ ರಸ್ತೆಯಲ್ಲಿ ಓಡುತ್ತಿದ್ದ ಆಟೋಗಳಿಗೆ ಹಿಡಿದು ನೋಡಿದೆ. ಬೆರಳಿಟ್ಟದ್ದೇ ಒಳಗೆ ಏನೋ ಸರ್ ಎಂದು ಸರಿದು ನಿಂತಿತು. ನನ್ನ ಹಳೆಯ ಕ್ಯಾಮರಾಕ್ಕೆ ಏಳು ಜನ್ಮಕ್ಕೂ ಆ ಚುರುಕು ಬರುತ್ತಿರಲಿಲ್ಲ. ಸಣ್ಣಗೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೂ ಅದನ್ನೇ ತಂದೆ. ಆಯ್ಕೆಯಲ್ಲಿ ಮೋಸವಿರಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಕೂತು, ಅದರ ಜೊತೆಗಿದ್ದ ಇಂಗ್ಲಿಷ್ ಪುಸ್ತಿಕೆ ಓದಿದೆ. ಅದರಲ್ಲೊಂದು ಚಿತ್ರವಿತ್ತು: ಇಬ್ಬರು ಪಕ್ಕಪಕ್ಕದಲ್ಲಿ ನಿಂತಿದ್ದಾರೆ, ನಡುವಿನ ಸಂದಿಯಲ್ಲಿ ಹಿಂದಿನ ಮರ. ಈ ಕ್ಯಾಮರಾ ನೋಡುವುದು ನಟ್ಟನಡುವೆ ಇರುವುದನ್ನು ಮಾತ್ರ. ಇಬ್ಬರು ಬಿಟ್ಟು ನಿಂತರೆ ಅವರನ್ನು ಬಿಟ್ಟು ಮರವನ್ನು ಹಿಡಿಯುತ್ತದೆ. ಮರ ಸ್ಪಷ್ಟ, ಮನುಷ್ಯರು ಮಂಕು. ಅದಕ್ಕೊಂದು ಉಪಾಯವೂ ಇತ್ತು. ಮೊದಲು ಒಬ್ಬರ ಮುಖಕ್ಕೆ ಹಿಡಿದು ಗುಂಡಿಯನ್ನು ಅರ್ಧ ಒತ್ತಬೇಕು, ಬೆರಳು ಬಿಡದೆ ಕ್ಯಾಮರಾ ಪಕ್ಕಕ್ಕೆ ಸರಿಸಿ ಆಮೇಲೆ ಪೂರ್ತಿ ಒತ್ತಬೇಕು. ಎದುರು ಸೀಟಿನ ಗಂಡ ಹೆಂಡಿರ ಮೇಲೆ ಸುಮ್ಮನೆ ಪ್ರಯೋಗ ಮಾಡಿದೆ. ನಮ್ಮೂರಿನ ಹಿಂದಿನ ಸ್ಟೇಷನ್ ದುವ್ವಾಡ ಬರುವಷ್ಟರಲ್ಲಿ ಬೆರಳಿಗೆ ಪಳಗಿಹೋಗಿತ್ತು.

ಅದನ್ನು ನಿನಗೆ ಹೇಳಿಕೊಡಬೇಕು ಅಂತಲೇ ಬಂದೆ ಗಿರಿಜಾ. ನಿನಗೆ ಇಂಗ್ಲಿಷ್ ಬಾರದು, ಆ ಪುಸ್ತಿಕೆ ನಿನ್ನ ಪಾಲಿಗೆ ಬರೀ ಕಾಗದ — ನನಗೆ ಗೊತ್ತಿತ್ತು. ನಮ್ಮ ಜನ ಫೋಟೋಕ್ಕೆ ಹೇಗೆ ನಿಲ್ಲುತ್ತಾರೆ ಎನ್ನುವುದೂ ಗೊತ್ತಿತ್ತು. ಗಂಡ ಹೆಂಡತಿಯಾಗಲಿ, ಅಪ್ಪ ಮಗನಾಗಲಿ, ಒಬ್ಬರಿಗೊಬ್ಬರು ತಾಗಿ ನಿಲ್ಲುವವರಲ್ಲ. ಮರ್ಯಾದೆಗೆಂದು ನಡುವೆ ಒಂದು ಗೇಣು ಬಿಟ್ಟೇ ನಿಲ್ಲುತ್ತಾರೆ. ಆ ಕ್ಯಾಮರಾ ನಮ್ಮವರ ಕೈಯಲ್ಲಿ ಎಲ್ಲಿ ಮುಗ್ಗರಿಸುತ್ತದೆ ಎಂದು ನನಗಿಂತ ಚೆನ್ನಾಗಿ ತಿಳಿದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ನೀನು ಡಬ್ಬಿಯಿಂದ ತೆಗೆದವಳೇ ಓಡುತ್ತಿದ್ದ ಪಲ್ಲವಿಯತ್ತ ತಿರುಗಿಸಿ ಒತ್ತಿಬಿಟ್ಟೆ. ನೋಡಲು ಸೇರಿದ್ದ ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ಬಸವರಾಜ ನಗುತ್ತಾ, “ಇನ್ನ ಮ್ಯಾಲೆ ನಮ್ಮ ಸರೋಜಕ್ಕಾರಿಗೆ ತ್ರಾಸ ಇಲ್ಲ ಬಿಡ್ರಿ,” ಎಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದ. ನನಗೆ ಮಾತ್ರ ಚುರ್ ಎಂದಿತು. ಅಯ್ಯೋ, ಇನ್ನು ನನ್ನನ್ನು ಯಾಕೆ ಕರೆಯುತ್ತಾರೆ — ಎಂದು. ತುದಿನಾಲಿಗೆಗೆ ಬಂದಿದ್ದ ಮಾತನ್ನು ನುಂಗಿಕೊಂಡೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಎಂಬುದು ಬರಲೇ ಇಲ್ಲ, ನಾನು ಬರಗೊಡಲಿಲ್ಲ.

ನಿನ್ನ ಫೋಟೋಗಳು ಎಷ್ಟು ಚೆನ್ನಾಗಿ ಬರುತ್ತಿದ್ದವು! ಬಕೆಟ್ಟಿನಲ್ಲಿ ಕೂತ ಪಲ್ಲವಿ, ಸಮುದ್ರದ ತೆರೆಗೆ ಹೆದರಿ ಓಡಿಬಂದ ಪಲ್ಲವಿ — ಒಬ್ಬಳೇ ಇದ್ದಾಗ ಒಂದೂ ತಪ್ಪುತ್ತಿರಲಿಲ್ಲ. ಹಡಗಿಗೆ ಹೋದ ಆ ಫೋಟೋಗಳನ್ನು ಬಸವರಾಜ ಜೊತೆಯವರಿಗೆಲ್ಲ ತೋರಿಸಿದನಂತೆ. ನೀನು ಹಿಗ್ಗಿ ಹಿಗ್ಗಿ ಹೇಳುತ್ತಿದ್ದೆ, ನಾನು ಹೂಂಗುಟ್ಟುತ್ತಿದ್ದೆ. ಇಬ್ಬರು ನಿಂತದ್ದು ಮಾತ್ರ ಆಗಾಗ ಕೆಡುತ್ತಿತ್ತು. ನೀನು ಪೆಚ್ಚುಮುಖ ಹಾಕಿಕೊಂಡು ಅದನ್ನು ಮೇಲೆ ತರುತ್ತಿದ್ದೆ: “ಇದ್ಯಾಕ ಹಿಂಗಾತ್ರೀ ಅಕ್ಕಾರ?” ಆಗಲಾದರೂ ಹೇಳಬಹುದಿತ್ತು. “ಕೈ ಅಲುಗಿದೆ ಕಣೆ, ಇನ್ನೂ ಅಭ್ಯಾಸ ಆಗ್ಬೇಕು,” ಎಂದೆ. ನೀನು ತಲೆಯಾಡಿಸಿದೆ. ಆ ಕ್ಷಣ ನನಗೆ ಹಿತವಾಗಿತ್ತು — ಥೂ, ಬರೆಯುವಾಗಲೇ ನಾಚಿಕೆಯಾಗುತ್ತದೆ — ಹಿತವಾಗಿತ್ತು.

ಆಮೇಲೆ ಬೆಟಗೇರಿಯಿಂದ ನಿನ್ನ ಮಾವ ಬಂದರು. ಬಸವರಾಜನ ತಾಯಿ ಸತ್ತಾಗ ಅವನು ನಡುಸಮುದ್ರದಲ್ಲಿದ್ದ, ಮಣ್ಣಿಗೆ ಬರಲಾಗಲಿಲ್ಲ. ಅಂದಿನಿಂದ ಮುದುಕರು ಮಗನೊಡನೆ ಮಾತು ಬಿಟ್ಟಿದ್ದರು. ಮಗ್ಗದ ಮುಂದೆ ಬಾಳು ಕಳೆದ ಮನುಷ್ಯ, ಹಠವೂ ಹಾಗೇ ಗಟ್ಟಿ. ಬರೆದು ಬರೆದು, ಕಾಲು ಹಿಡಿದು, ಅವರನ್ನು ಕರೆಸಿಕೊಂಡವಳು ನೀನು. ಬಂದ ಮೇಲೂ ಅವರು ಮಗನಿಗೆ ಹೇಳಬೇಕಾದ್ದನ್ನು ಮೊಮ್ಮಗಳಿಗೆ ಹೇಳುತ್ತಿದ್ದರು. ಮೊಮ್ಮಗಳಿಗೋ ಕನ್ನಡಕ್ಕಿಂತ ಬೀದಿಯ ತೆಲುಗೇ ಹೆಚ್ಚು.

ಅವರು ಊರಿಗೆ ಹೊರಡುವ ಹಿಂದಿನ ಸಂಜೆ ಎಲ್ಲರೂ ಬೀಚಿಗೆ ಹೋದೆವು, ನಾನೂ ಬಂದೆ. ಬೆಳಕು ಇಳಿಯುತ್ತಿತ್ತು, ದೂರದ ನೀರಿನಲ್ಲಿ ಒಂದು ಸರಕಿನ ಹಡಗು ನಿಂತಿತ್ತು. ನೀನು ಹೇಗೋ ಕಾಡಿ ಬೇಡಿ ಅಪ್ಪ ಮಗನನ್ನು ಒಟ್ಟಿಗೆ ನಿಲ್ಲಿಸಿದೆ. ನಿಂತರು, ನಡುವೆ ಗೇಣಲ್ಲ, ಮೊಳ ಬಿಟ್ಟು. ಆ ಸಂದಿಯಲ್ಲಿ ಸರಿಯಾಗಿ ಹಡಗು. ಮುಖ ದೊಡ್ಡದಾಗಿ ಬರಲೆಂದು ನೀನು ಹತ್ತಿರ ಹೋದೆ. ಒಮ್ಮೆ ಏನನಿಸಿತೋ, ತಿರುಗಿ ನನ್ನತ್ತ ಕ್ಯಾಮರಾ ಚಾಚಿದೆ. “ಅಕ್ಕಾರ, ಇದೊಂದು ನೀವ ಹಿಡೀರಿ. ನನ್ನ ಕೈ ನಂಬಂಗಿಲ್ಲ.”

ನಾನು ಏನೆಂದೆ, ನೆನಪಿದೆಯೆ?

“ನಿನ್ನ ಕ್ಯಾಮರಾ, ನೀನೇ ಹಿಡಿ.”

ನಗುತ್ತಾ ಅಂದೆ, ನೀನು ಅದನ್ನು ಪ್ರೀತಿ ಎಂದುಕೊಂಡೆ. ನನಗೆ ಆ ಸಂದಿ ಕಾಣುತ್ತಿತ್ತು ಗಿರಿಜಾ. ಹಡಗು ಕಾಣುತ್ತಿತ್ತು. ಏನಾಗುತ್ತದೆ ಎಂದು ತಿಳಿದೇ ಪಕ್ಕದಲ್ಲಿ ಕೈಕಟ್ಟಿ ನಿಂತೆ. ಅಷ್ಟರಲ್ಲಿ ಪಲ್ಲವಿ, “ತಾತಾ, ಇಟು ಚೂಡು!” ಎಂದು ಕೂಗಿದಳು. ಮುದುಕರು ಮಗನ ಕಡೆ ತಿರುಗಿ, “ಏನಂತಾಳೋ ಇಕಿ?” ಎಂದರು. ಅವರು ಬಸವರಾಜನನ್ನು ನೇರವಾಗಿ ಕೇಳಿದ ಮೊದಲ ಮಾತು ಅದು. “ಈ ಕಡೆ ನೋಡು ಅಂತಾಳಪ್ಪಾ,” ಎಂದ ಅವನು. ಇಬ್ಬರೂ ನಕ್ಕರು. ಆ ನಗುವಿಗೆ ಸರಿಯಾಗಿ ನೀನು ಒತ್ತಿದೆ. ಇನ್ನೊಂದು ಎನ್ನುವಷ್ಟರಲ್ಲಿ ಅವರು “ಸಾಕವ್ವಾ” ಎಂದು ಮರಳಿನ ಮೇಲೆ ನಡೆದುಬಿಟ್ಟಿದ್ದರು.

ರೋಲು ತೊಳೆಸಿ ತಂದಾಗ ನಾನೇ ಮೊದಲು ನೋಡಿದೆ. ಹಡಗಿನ ಕಂಬ, ಕಂಬದ ತಂತಿ, ಎಲ್ಲ ಗೆರೆ ಎಳೆದ ಹಾಗೆ ಸ್ಪಷ್ಟ. ಆಚೆ ಈಚೆ ಎರಡು ಮಸುಕು ಮುದ್ದೆಗಳು. ಕೈ ಅಲುಗಿದ್ದರೆ ಹಡಗೂ ಅಲುಗಬೇಕಿತ್ತಲ್ಲವೆ? ಒಬ್ಬರಿಗೂ ಹೊಳೆಯಲಿಲ್ಲ. ನೀನು ನನ್ನ ಮುಖ ನೋಡಿದೆ. ನಾನು ಮತ್ತೆ ಅದನ್ನೇ ಅಂದೆ: “ಕೈ ಅಲುಗಿದೆ ಕಣೆ.”

ಮುಂದಿನ ಸಲ ಚೆನ್ನಾಗಿ ಹಿಡಿದರಾಯಿತು ಎಂದು ಸಮಾಧಾನವನ್ನೂ ಹೇಳಿದೆ. ಮುಂದಿನ ಸಲ ಇರಲಿಲ್ಲ. ಆ ಚಳಿಗಾಲದಲ್ಲೇ ಮುದುಕರು ಹೋಗಿಬಿಟ್ಟರು. ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದ ಮನುಷ್ಯ, ಪೂಜೆಗೆ ಇಡಲು ಮನೆಯಲ್ಲಿ ಅವರದೊಂದು ಫೋಟೋ ಇಲ್ಲ. ಬಸವರಾಜ ಇದನ್ನೇ ಸ್ಟುಡಿಯೋಗೆ ಒಯ್ದ, ಅಪ್ಪನದಷ್ಟೇ ಬಿಡಿಸಿ ದೊಡ್ಡದು ಮಾಡಿಸಲು. “ಮುಖಮೇ ಲೇದು ಕದಂಡೀ,” ಎಂದನಂತೆ ಸ್ಟುಡಿಯೋದವನು, ಮುಖವೇ ಇಲ್ಲವಲ್ಲ ಎಂದು. ಹಡಗು ಮಾತ್ರ ಬಲು ಚೆನ್ನಾಗಿ ಬಂದಿದೆ ಎಂದೂ ಅಂದನಂತೆ.

ಅಂದು ನಿನ್ನ ಗಂಡ ಮನೆಗೆ ಬಂದು ಆಡಿದ ಮಾತನ್ನು ಮೆಟ್ಟಿಲ ಮೇಲೆ ನಿಂತಿದ್ದ ನಾನೂ ಕೇಳಿಸಿಕೊಂಡೆ. ಎಂದೂ ದನಿ ಎತ್ತದ ಮನುಷ್ಯ. “ನಮ್ಮಪ್ಪನ ಮಾರಿ ಒಂದು ನೆಟ್ಟಗ ಹಿಡೀಲಿಕ್ಕೆ ಬರಲಿಲ್ಲೇನು ನಿನಗ?” ನೀನು “ನನ್ನ ಕೈ ಸೇದಿಹೋಗಲಿ,” ಎಂದೆ. ನಾನು ಕೆಳಗಿಳಿದು ಬರಬೇಕಿತ್ತು. ಇನ್ನೆಂಟು ಮೆಟ್ಟಿಲೋ ಹತ್ತು ಮೆಟ್ಟಿಲೋ… ಮೇಲಕ್ಕೆ ಹೋಗಿ ಬಾಗಿಲು ಹಾಕಿಕೊಂಡೆ.

ಅಲ್ಲಿಂದಾಚೆ ನೀನು ಕ್ಯಾಮರಾ ಮುಟ್ಟಲಿಲ್ಲ. ಪಲ್ಲವಿ ಶಾಲೆಗೆ ಸೇರಿದ್ದು, ಹಲ್ಲು ಬಿದ್ದದ್ದು, ಮೊದಲ ಸಲ ಲಂಗ ಉಟ್ಟದ್ದು — ಯಾವುದೂ ಹಡಗಿಗೆ ಹೋಗಲಿಲ್ಲ. ಹಬ್ಬ ಬಂದರೆ ಮತ್ತೆ ನನ್ನನ್ನೇ ಕರೆದೆ. ಎಲೆ ಅಡಿಕೆ ಕೊಟ್ಟು ಬಾಗಿಲವರೆಗೆ ಬಂದು ಕಳಿಸಿದೆ. ನನಗೆ ಬೇಕಾಗಿದ್ದದ್ದು ಇದೇ ತಾನೆ? ಸಿಕ್ಕಿತು.

ಆ ಫೋಟೋಕ್ಕೆ ಬಸವರಾಜ ಕಟ್ಟು ಹಾಕಿಸಿದ. ಬದುಕಿರುವ ಮಗನೂ ಅದರಲ್ಲಿದ್ದಾನಲ್ಲ, ಹಾರ ಹಾಕುವಂತಿಲ್ಲ. ಸುಮ್ಮನೆ ಗೋಡೆಯ ಮೇಲಿತ್ತು. ಹೋದ ತಿಂಗಳು ಪಲ್ಲವಿಯ ನಿಶ್ಚಿತಾರ್ಥಕ್ಕೆ ಗದಗದ ನಿಮ್ಮ ಮನೆಗೆ ಬಂದಾಗ ಅಲ್ಲೂ ಕಂಡೆ. ಬೀಗರಲ್ಲಿ ಯಾರೋ, “ಇದ್ಯಾಕ್ರೀ ಹಿಂಗ?” ಎಂದು ಕೇಳಿದರು. ನೀನು ಎರಡೂ ಕೈ ಮುಂದೆ ಚಾಚಿ, “ನಾನ ಹಿಡಿದದ್ರೀ. ನನ್ನ ಕೈ ಅಲುಗ್ಯಾವ,” ಎಂದೆ. ಎಷ್ಟು ರೂಢಿಯಾಗಿಹೋಗಿತ್ತು ಆ ಮಾತು ನಿನಗೆ! ಬಂದ ಬಂದವರ ಮುಂದೆಲ್ಲ ಹೀಗೆ ತಪ್ಪೊಪ್ಪಿಕೊಳ್ಳುತ್ತಾ ಬಂದಿದ್ದೀಯ — ಮಾಡದ ತಪ್ಪನ್ನು. ಮಾಡಿದವಳು ಅದೇ ಫೋಟೋದ ಕೆಳಗೆ ಕೂತು ನೀನು ಕೊಟ್ಟ ಚಹಾ ಕುಡಿಯುತ್ತಿದ್ದಳು.

ಒಂಟಿತನವಿತ್ತು, ಹೊಟ್ಟೆಕಿಚ್ಚಿತ್ತು. ಇದ್ದರೇನು? ಒಂಟಿಯಾಗಿರುವವರೆಲ್ಲ ಹೀಗೆ ಮಾಡುವುದಿಲ್ಲ. ಕ್ಷಮಿಸು ಎಂದು ಕೇಳುವುದಕ್ಕೂ ನನಗೆ ಬಾಯಿಲ್ಲ. ಆ ನಗುವನ್ನು ನಾನು ತಂದುಕೊಡಲಾರೆ. ಎದುರಿಗೆ ನಿಂತು ಅದನ್ನು ಕಂಡವರಲ್ಲಿ ಈಗ ನೆನಪಿಟ್ಟುಕೊಂಡವರು ನೀನು, ನಾನು ಇಬ್ಬರೇ ಏನೋ. ಆದರೆ ಮದುವೆಗೆ ಮುಂಚೆ ಗದಗಕ್ಕೆ ಬರುತ್ತೇನೆ, ಬಸವರಾಜನ ಎದುರಿಗೆ ಆ ಫೋಟೋ ಕೆಳಗಿಳಿಸಿ, ಹಡಗಿನ ತಂತಿಯ ಮೇಲೆ ಬೆರಳಿಟ್ಟು ಇಷ್ಟನ್ನೂ ಹೇಳುತ್ತೇನೆ. ಅಲ್ಲಿಯವರೆಗೆ ಯಾರಾದರೂ ಬಂದು ಇದ್ಯಾಕೆ ಹೀಗೆ ಎಂದು ಕೇಳಿದರೆ, ನಿನ್ನ ಕೈ ತೋರಿಸಬೇಡ ಗಿರಿಜಾ. ನನ್ನ ಹೆಸರು ಹೇಳು.