ಕಲ್ಲು ಬೀಳುವ ಜಾಗ

ನಮ್ಮ ಕ್ರಷರ್‌ನಲ್ಲಿ ಅವಳನ್ನು ಎಲ್ಲರೂ ಸುಣ್ಣದಕ್ಕ ಎನ್ನುತ್ತಿದ್ದರು. ಒಡೆದ ಕಲ್ಲು ಎತ್ತರದ ಬೆಲ್ಟಿನ ಮೇಲೆ ಅಡ್ಡಕ್ಕೆ ಸಾಗಿ ಬಂದು, ತುದಿಯಿಂದ ಮುಂದಕ್ಕೆ ಹಾರಿ, ಕೆಳಗೆ ರಾಶಿ ಬೀಳುತ್ತಿತ್ತು. ಸುತ್ತ ಚೆಲ್ಲಿದ್ದನ್ನು ಗುಡಿಸುವುದು ಅವಳ ಕೆಲಸ. ಅವಳ ಅಪ್ಪ ಇಂಥದೇ ರಾಶಿಯ ಬಳಿ ಒಂದು ಕಾಲು ಕಳೆದುಕೊಂಡವನು. ಅದಕ್ಕೇ ಯಾವ ಕಲ್ಲೂ ತಲುಪದ ಕಡೆ ಸುಣ್ಣದಲ್ಲಿ ತಾನೇ ಗೆರೆ ಎಳೆದಿದ್ದಳು. ದಾಟಿ ಒಳಗೆ ಬಂದವನು ಲಾರಿ ಡ್ರೈವರ್ ಆಗಲಿ, ಮ್ಯಾನೇಜರ್ ಆಗಲಿ, ಗ್ರಹಚಾರ ಬಿಡಿಸುತ್ತಿದ್ದಳು.

ಕೇಳದವನು ಅವಳ ಗಂಡ ಒಬ್ಬನೇ. ಪಕ್ಕದ ರಸ್ತೆಯ ದರ್ಜಿ. ಮಧ್ಯಾಹ್ನ ಊಟದ ಡಬ್ಬಿ ತಂದವನು ಬೇಕೆಂದೇ ಬೆಲ್ಟಿನ ಅಡಿಯ ನೆರಳಿಗೆ ನುಗ್ಗುತ್ತಿದ್ದ. ಕಲ್ಲು ಮುಂದಕ್ಕೆ ಹೋಗಿ ಬೀಳುವುದರಿಂದ ಅಲ್ಲಿ ಏನೂ ಆಗುತ್ತಿರಲಿಲ್ಲ, ಆದರೆ ಹೋಗಿ ಬರುವಾಗ ರಾಶಿಯ ಪಕ್ಕದಲ್ಲೇ ಹಾಯಬೇಕಿತ್ತು.

"ಆಚೆ ನಿಲ್ಲಿ ಅಂದ್ರೆ ಕಿವಿ ಕೇಳಲ್ವಾ ನಿಮಗೆ?"

"ಕಲ್ಲಿಗಿಂತ ನಿನ್ನ ಬಾಯಿಗೇ ಕಣೇ ನಂಗೆ ಹೆದರಿಕೆ."

ಅವನಿಗೆ ಹುಡುಗಾಟ, ಅವಳಿಗೆ ಪ್ರಾಣಸಂಕಟ. ಕೊನೆಗೊಂದು ದಿನ ಎಲ್ಲರೆದುರೇ ಗಳಗಳ ಅತ್ತುಬಿಟ್ಟಳು. ಅವನು ಪೆಚ್ಚಾದ.

"ಆಯ್ತು, ಅಳ್ಬೇಡ. ನಾಳೆಯಿಂದ ಗೆರೆ ಆಚೆನೇ ನಿಲ್ತೀನಿ."

ಮಾರನೇ ದಿನವೇ ಯಜಮಾನರಿಗೆ ಕೆಲಸ ಬೇಗ ಸಾಗಬೇಕಾಯಿತು. ಫಿಟ್ಟರ್ ಮೋಟರಿಗೆ ದೊಡ್ಡ ಪುಲ್ಲಿ ಹಾಕಿದ. ಬೆಲ್ಟ್ ಎರಡರಷ್ಟು ವೇಗವಾಗಿ ಓಡಬೇಕು. ಗೆರೆ ಬದಲಾಯಿಸಬೇಕೇ ಎಂದು ಸುಣ್ಣದಕ್ಕ ಕೇಳಿದ್ದು ನಿಜ.

"ಬೆಲ್ಟಿನ ಎತ್ತರ ಅಷ್ಟೇ ಇದೆಯಲ್ಲಕ್ಕ. ಕಲ್ಲು ಬೀಳೋ ಜಾಗ ಎಲ್ಲಿಗೆ ಓಡಿಹೋಗತ್ತೆ?" ಎಂದ ಫಿಟ್ಟರ್.

ಬಾಯಿಗೆ ಬಂದದ್ದು ಹೇಳಿದ, ಪುಣ್ಯಾತ್ಮ. ಎತ್ತರ ಅಷ್ಟೇ ಇದ್ದರೆ ಕಲ್ಲು ನೆಲ ಮುಟ್ಟಲು ಹಿಡಿಯುವ ಹೊತ್ತೂ ಅಷ್ಟೇ, ಸರಿ. ಆದರೆ ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ವೇಗದ ಕಲ್ಲು ಎರಡರಷ್ಟು ದೂರ ಹೋಗಿರುತ್ತದೆ. ಅದನ್ನು ಯೋಚಿಸುವ ವ್ಯವಧಾನ ಆ ದಿನ ಯಾರಿಗೂ ಇರಲಿಲ್ಲ. ಒಂದು ಸಲ ಸುತ್ತ ಯಾರೂ ಇಲ್ಲದಾಗ ಓಡಿಸಿ ನೋಡಿದ್ದರೂ ಸಾಕಿತ್ತು.

ಮಧ್ಯಾಹ್ನ ಗಂಡ ಬಂದಾಗ ಅವಳು ಬೆಲ್ಟಿನ ಅಡಿ ಗುಡಿಸುತ್ತಿದ್ದಳು. ಅಭ್ಯಾಸಬಲದಿಂದ ಅವನು ಒಂದು ಕಾಲು ಒಳಗಿಟ್ಟ. ಅವಳು ಪೊರಕೆ ಎತ್ತಿ ತೋರಿಸಿದಳು. ಅವನು ನಕ್ಕು ಹಿಂದೆ ಸರಿದು, ಡಬ್ಬಿಯನ್ನು ಎದೆಗೊತ್ತಿಕೊಂಡು, ಒಳ್ಳೆಯ ಮಗುವಿನ ಹಾಗೆ ಗೆರೆಯ ಆಚೆ ನಿಂತ. ಮೋಟರ್ ಶುರುವಾಯಿತು. ತಲೆಗಾತ್ರದ ಕಲ್ಲುಗಳು ಹಳೆಯ ರಾಶಿಯನ್ನೂ ಗೆರೆಯನ್ನೂ ದಾಟಿ ಬಿದ್ದವು.

ಅವನು ಅಲ್ಲೇ ಸತ್ತ.

ಓಡಿಬಂದ ಮ್ಯಾನೇಜರ್‌ಗೆ ತಪ್ಪನ್ನು ಸತ್ತವನ ತಲೆಗೆ ಕಟ್ಟುವ ಅವಸರ. "ಇವನಿಗೆ ಇಲ್ಲಿ ನಿಲ್ಲು ಅಂತ ಯಾರು ಹೇಳಿದ್ದು?" ಎಂದು ಕಿರುಚಿದ.

ಸುಣ್ಣದಕ್ಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನಾನೇ," ಎಂದಳು. "ನೆರಳಿಗೆ ಬರ್ತಿದ್ರು. ನಾನೇ ಆಚೆ ಓಡಿಸ್ದೆ."