ಗಾಲಿಯಣ್ಣನಿಗೆ ಸಿಕ್ಕ ಕುರ್ಚಿ

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಗಾಲಿಯಣ್ಣ ಕೂತಿದ್ದನ್ನು ಕಂಡವರು ಒಬ್ಬರೂ ಇರಲಿಲ್ಲ. ಕೂಸಾಗಿದ್ದಾಗ ಇವನೂ ಎಲ್ಲರಂತೆ ಮೊದಲು ಮಗುಚಿಕೊಂಡು, ಆಮೇಲೆ ಕೂತು, ಆಮೇಲೆ ನಿಂತ ಎಂದು ಹೆತ್ತ ತಾಯಿಯೇ ಬಂದು ಆಣೆ ಮಾಡಿದರೂ ನಾನು ನಂಬುವವನಲ್ಲ. ಕೂರುವ ಪಾಠವನ್ನು ಹಾರಿಸಿ ಸೀದಾ ನಡೆಯುವ ಪಾಠಕ್ಕೆ ಬಂದ ಆಸಾಮಿ ಅವನು. ಟೀಯನ್ನೂ ನಡೆಯುತ್ತಲೇ ಕುಡಿಯುತ್ತಿದ್ದ. ಬಾಗಿಲ ಹತ್ತಿರ ತುಂಬಿದ್ದ ಲೋಟ ಕಿಟಕಿ ಮುಟ್ಟುವಷ್ಟರಲ್ಲಿ ಖಾಲಿ.

ಓದುಗರು ಹಿಂದಿರುಗಿಸಿದ ಪುಸ್ತಕಗಳನ್ನು ತಳ್ಳುಗಾಡಿಗೆ ಹೇರಿಕೊಂಡು ಹೋಗಿ, ಬೆನ್ನಮೇಲಿನ ಸಂಖ್ಯೆ ನೋಡಿ ಕಪಾಟಿನಲ್ಲಿ ಅದದರ ಜಾಗಕ್ಕೆ ಸೇರಿಸುವುದು ಅವನ ಕೆಲಸ. ಗಾಡಿಗೆ ನಾಲ್ಕು ಗಾಲಿ. ಮೂರು ಸುಮ್ಮನಿರುತ್ತಿದ್ದವು, ಹಿಂದಿನ ಎಡಬದಿಯದು ಮಾತ್ರ ಆ ಮೂರರ ಪಾಲಿನ ಮಾತನ್ನೂ ತಾನೇ ಆಡುತ್ತಿತ್ತು. ಕಿರ್ರ್-ಕುಂಯ್, ಕಿರ್ರ್-ಕುಂಯ್. ಆ ಸದ್ದಿಗೆ ಎದುರು ಬೀದಿಯ ನಾಯಿಗಳು ಎದ್ದು ನಿಂತು ಬಾಲ ಆಡಿಸುತ್ತಿದ್ದವೆಂದು ನಾನೊಮ್ಮೆ ಹೇಳಿದ್ದೆ. ಈಗ ಊರೆಲ್ಲ ಅದನ್ನು ನಿಜವೆಂದೇ ನಂಬಿದೆ. ನಾನೂ ನಂಬಿದ್ದೇನೆ.

ಕೆಲಸದಲ್ಲಿ ಅವನದೊಂದು ಪದ್ಧತಿ ಇತ್ತು, ಅದು ನಿಯಮದ ಪ್ರಕಾರ ತಪ್ಪು. ಬಂದ ಪುಸ್ತಕವನ್ನು ಕೂಡಲೇ ಕಪಾಟಿಗೆ ಸೇರಿಸಬೇಕು. ಇವನು ಹಾಗಲ್ಲ, ಮೊದಲು ಅದಕ್ಕೆ ಓದುಗರ ಮೇಜುಗಳ ನಡುವೆ ಎರಡು ಸುತ್ತು ಗಾಳಿ ತೋರಿಸುತ್ತಿದ್ದ.

"ಇನ್ನೊಬ್ಬರ ಮನೇಲಿ ಹದಿನೈದು ದಿನ ಇದ್ದು ಬಂದಿದೆ. ಬಂದ ಕೂಡಲೇ ಕಪಾಟಿಗೆ ತುರುಕಿದ್ರೆ ಬೇಜಾರು ಮಾಡ್ಕೊಳಲ್ವಾ?" ಎನ್ನುತ್ತಿದ್ದ.

ಓದುಗರೂ ಆ ಗಾಡಿಗೇ ಕಾಯುತ್ತಿದ್ದರು. ಇನ್ನೊಬ್ಬರು ಓದಿ ಮುಗಿಸಿದ ಪುಸ್ತಕದ ಮೇಲೆ ಮನುಷ್ಯನಿಗೆ ಅದೇನು ಆಸೆಯೋ! ಮೇಲಿನ ಹಲಗೆಯಲ್ಲಿ ದರ್ಜಿಗೆ ಪತ್ತೇದಾರಿ, ನರ್ಸಮ್ಮನಿಗೆ ಪ್ರವಾಸ ಕಥನ, ಕನ್ನಡಕದಜ್ಜಿಗೆ ದಪ್ಪಕ್ಷರದ ಕಾದಂಬರಿ ಎಂದು ಅವನು ಮೊದಲೇ ಯೋಚಿಸಿ ಇಟ್ಟಿರುತ್ತಿದ್ದ. ಕೊಡುತ್ತಿರಲಿಲ್ಲ, ಅವರ ಪಕ್ಕದಲ್ಲಿ ಗಾಡಿಯನ್ನು ಸ್ವಲ್ಪ ನಿಧಾನ ಮಾಡುತ್ತಿದ್ದ, ಅಷ್ಟೇ. ಕೈ ತಾನೇ ಚಾಚಿಕೊಳ್ಳುತ್ತಿತ್ತು.

ಇಂಥವನ ಪಾಲಿಗೆ ಕೇಂದ್ರ ಕಚೇರಿಯಿಂದ 'ಸಿಬ್ಬಂದಿ ಉತ್ತೇಜನ ಮಾಸ' ಎಂಬುದೊಂದು ಬಂತು.

ಉತ್ತೇಜನ ಆ ಕಚೇರಿಗೆ ಹೊಸದೇನಲ್ಲ. ಹಿಂದೊಮ್ಮೆ 'ಕೆಲಸದಲ್ಲಿ ಮುಗುಳ್ನಗೆ' ಎಂಬ ನಲವತ್ತಾರು ಪುಟದ ಪುಸ್ತಿಕೆ ಬಂದಿತ್ತು. ಅದನ್ನು ಓದಿ ಯಾರೂ ನಕ್ಕಿರಲಿಲ್ಲ. 'ನಿಮಗೆ ಬೇಕಾದ ಸೌಲಭ್ಯ' ಎಂಬ ಅರ್ಜಿಯಲ್ಲಿ ಗಾಲಿಯಣ್ಣ ಪ್ರತಿವರ್ಷ 'ಗಾಡಿಗೆ ಒಂದು ಗಾಲಿ' ಎಂದು ಬರೆಯುತ್ತಿದ್ದ. ಹನ್ನೊಂದನೆಯ ವರ್ಷ ಪಾರ್ಸೆಲ್ ಬಂತು. ಬಿಚ್ಚಿದರೆ, ತಲೆ ಕೆಟ್ಟಾಗ ಕೈಯಲ್ಲಿ ಹಿಸುಕಲು ಮೆತ್ತನೆಯ ರಬ್ಬರ್ ಚೆಂಡು. ಎರಡೂ ಗುಂಡಗಿರುವುದರಿಂದ ಕಚೇರಿಯ ಮಟ್ಟಿಗೆ ಬೇಡಿಕೆ ಈಡೇರಿದಂತೆಯೇ.

ಈ ಸಲದ ಉತ್ತೇಜನ ಮಾತ್ರ ಹೊಸ ಮೇಡಮ್ಮಿನ ಕೈಯಲ್ಲಿತ್ತು. ಗ್ರಂಥಪಾಲಕಿಯಾಗಿ ಬಂದು ಮೂರೇ ತಿಂಗಳು, ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಒಳ್ಳೆಯ ಮನಸ್ಸಿನವರಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಯಾರು ಎಷ್ಟು ದಣಿಯುತ್ತಾರೆ ಎಂದು ತಿಳಿಯಲು ಆಕೆ ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದನ್ನು ಗಾಲಿಯಣ್ಣನ ಜೇಬಿಗೆ ಹಾಕಿದರು. ಸಂಜೆ ತೆಗೆದು ನೋಡಿ ಹೌಹಾರಿದರು.

"ಅಣ್ಣಾ, ಹನ್ನೊಂದು ಕಿಲೋಮೀಟರ್! ಐವತ್ತೆಂಟು ವಯಸ್ಸಲ್ಲಿ, ದಿನಾ!"

"ಇವತ್ತು ಸ್ವಲ್ಪ ಕಮ್ಮಿನೇ ಮೇಡಂ. ವಾಚನಾಲಯದ ಕಡೆ ನೆಲ ಒರೆಸ್ತಿದ್ರು."

ಲೆಕ್ಕ ಹಾಕಿದರೆ, ಆ ಕಟ್ಟಡದಿಂದ ಹೊರಗೆ ಕಾಲಿಡದೆ ಅವನು ಇಪ್ಪತ್ತಾರು ವರ್ಷದಲ್ಲಿ ಭೂಮಿಗೆ ಎರಡು ಸುತ್ತು ಬಂದಿದ್ದ. ಹಡಗಿಲ್ಲ, ಟಿಕೆಟ್ಟಿಲ್ಲ, ಕೈಯಲ್ಲಿ ಟೀ ಲೋಟ. ಮೇಡಮ್ಮಿಗೆ ಕಣ್ಣಲ್ಲಿ ನೀರು ಬಂತು. ಒಂದೇ ವಾರದಲ್ಲಿ ಆದೇಶ ಹೊರಟಿತು: ಗಾಲಿಯಣ್ಣನಿಗೆ 'ಓದುಗರ ನೆರವು' ಎಂಬ ಮೇಜು, ಅದರ ಹಿಂದೆ ಕೈಯೊರಗುವ ಕುರ್ಚಿ. ಪುಸ್ತಕ ಜೋಡಿಸುವ ಕೆಲಸ ಸರದಿಯ ಮೇಲೆ ಉಳಿದವರಿಗೆ. ತಿಂಗಳ ಕೊನೆಯ ಶನಿವಾರ 'ನೆರೆಹೊರೆಯ ಓದಿನ ದಿನ', ಅಂದು ಕೇಂದ್ರ ಕಚೇರಿಯ ದೊಡ್ಡ ಅಧಿಕಾರಿಯ ಕೈಯಿಂದ ಅವನಿಗೆ ಅಭಿನಂದನಾ ಪತ್ರ. ಅದಾದ ಸೋಮವಾರ ಕಚೇರಿಯ ವ್ಯಾನು ಬಂದು ಹಳೆಯ ತಳ್ಳುಗಾಡಿಯನ್ನು ಉಗ್ರಾಣಕ್ಕೆ ಒಯ್ಯುವುದು.

ಗಾಲಿಯಣ್ಣನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಸೋಮವಾರ ಗಾಡಿ ಹೋಗುತ್ತದೆ.

ಬೇಡ ಎಂದುಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಸುದ್ದಿ ಮನೆಗೆ ತಲುಪಿತ್ತು. ಅವನ ಹೆಂಡತಿ ಇಪ್ಪತ್ತಾರು ವರ್ಷದಿಂದ ಆ ಒಡೆದ ಹಿಮ್ಮಡಿಗಳಿಗೆ ಎಣ್ಣೆ ತಿಕ್ಕಿದವಳು. ಕುರ್ಚಿ ಎಂದು ಕೇಳಿದವಳೇ ತನ್ನ ತಂಗಿಗೆ, ನಾದಿನಿಗೆ, ನಾದಿನಿಯ ಬೀಗಿತ್ತಿಗೆ ಫೋನ್ ಹಚ್ಚಿದಳು. ಮೂರನೆಯ ಫೋನಿನ ಹೊತ್ತಿಗೆ ಗಂಡ ಮೇಲಧಿಕಾರಿಯಾಗಿದ್ದ. ಸಂಜೆಗೆ ನೀಲಿ ಬಟ್ಟೆಯ ದಿಂಬೊಂದನ್ನು ಹೊಲಿದು ಮುಗಿಸಿದ್ದಳು.

"ಕುರ್ಚಿ ಮೇಲೆ ಹಾಕ್ಕೊಳ್ರೀ. ಬರೀ ಹಲಗೆ ಒತ್ತುತ್ತೆ."

"ಹೂಂ."

"ಏನ್ರೀ ಹೂಂ? ಖುಷಿ ಇಲ್ವಾ?"

"ಖುಷಿನೇ ಕಣೇ," ಎಂದ ಗಾಲಿಯಣ್ಣ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತ.

ಆಮೇಲಿನ ಮೂರು ವಾರ ನಾನು ಪತ್ರಿಕೆ ಓದುವುದನ್ನೇ ಬಿಟ್ಟು ಅವನನ್ನು ನೋಡುತ್ತ ಕೂತೆ. ಅವನು ಕುರ್ಚಿಯಲ್ಲಿ ಕೂರುತ್ತಿದ್ದ. ಮೊಣಕಾಲು ಮಾತ್ರ ಕೂರುತ್ತಿರಲಿಲ್ಲ. ಅದು ಹೊಲಿಗೆ ಯಂತ್ರದ ಸೂಜಿಯಂತೆ ಹೊಡೆದುಕೊಳ್ಳುತ್ತಿತ್ತು. ಮೇಜು ನಡುಗಿ, ಮೇಜಿನ ಮೇಲಿನ ಪೆನ್ನು ನಡೆದುಕೊಂಡು ಹೋಗಿ ಕೆಳಗೆ ಬೀಳುತ್ತಿತ್ತು. ಎತ್ತಿಕೊಳ್ಳಲು ಏಳಬಹುದಲ್ಲ ಎಂಬ ಆಸೆಗೆ ಅವನು ದಿನಕ್ಕೆ ಎಪ್ಪತ್ತು ಸಲ ಅದನ್ನು ಬೀಳಿಸುತ್ತಿದ್ದ. ಮೇಡಂ ಮರುಕಪಟ್ಟು ಪೆನ್ನಿಗೆ ದಾರ ಕಟ್ಟಿ ಮೇಜಿಗೆ ಬಿಗಿದರು.

ಪುಸ್ತಕ ಜೋಡಿಸುವ ಸರದಿ ಹೆಚ್ಚಾಗಿ ಸೀಲಪ್ಪನಿಗೆ ಬೀಳುತ್ತಿತ್ತು. ಪುಸ್ತಕದ ಚೀಟಿಗೆ ತಾರೀಕಿನ ಮೊಹರು ಒತ್ತುವ ಗುಮಾಸ್ತ ಅವನು. ಗಾಡಿಯ ಹಂಗೇ ಇಲ್ಲದೆ, ಬಂದ ಪುಸ್ತಕಗಳನ್ನು ತೋಳಿಗೇರಿಸಿಕೊಂಡು ಹೋಗಿ ಸಂಖ್ಯೆ ನೋಡಿ ಕಪಾಟಿಗೆ ಹೊಡೆದು ಹತ್ತು ನಿಮಿಷಕ್ಕೆ ವಾಪಸ್ಸು. ಒಂದೂ ತಪ್ಪಿಲ್ಲ. ಗಾಡಿ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿತ್ತು.

"ಏನಣ್ಣಾ, ಕುರ್ಚಿ ಹೇಗಿದೆ?" ಎಂದು ಸೀಲಪ್ಪ ಕೆಣಕಿದ.

"ಸುಮ್ನಿರೋ. ಹಲ್ಲು ಕೀಳೋ ಡಾಕ್ಟ್ರ ಹತ್ರ ಇರತ್ತಲ್ಲ, ಹಾಗಿದೆ."

"ಮೇಡಮ್ಮಿಗೆ ಹೇಳ್ಬಿಡು ಮತ್ತೆ."

"ಹೇಗೋ ಹೇಳ್ಲಿ? ಬೆಳಿಗ್ಗೆ ಬಂದು, ಅಣ್ಣಾ ಈಗ ಕಾಲುನೋವು ಕಮ್ಮಿನಾ ಅಂತ ಕೇಳ್ತಾರೆ. ಆ ಮುಖ ನೋಡಿದ್ರೆ ಬಾಯೇ ಬರಲ್ಲ. ಮನೇಲಿ ಇವಳು ದಿಂಬು ಒಗೆದು ಇಸ್ತ್ರಿ ಮಾಡಿ ಕೊಡ್ತಾಳೆ. ದಿಂಬಿಗೆ ಇಸ್ತ್ರಿ ಕಣೋ!"

"ಹಾಗಾದ್ರೆ ಸೋಮವಾರ ಗಾಡಿ ಜೊತೆ ನೀನೂ ವ್ಯಾನ್ ಹತ್ತಿಬಿಡು."

ಗಾಲಿಯಣ್ಣ ನಗಲಿಲ್ಲ. ಜೇಬಿನಿಂದ ಆ ರಬ್ಬರ್ ಚೆಂಡು ತೆಗೆದು ಹಿಸುಕತೊಡಗಿದ. ಎರಡು ದಿನಕ್ಕೆ ಅದು ಒಡೆಯಿತು.

ಹಗಲು ನಡೆಯದ ಹನ್ನೊಂದು ಕಿಲೋಮೀಟರನ್ನು ಅವನು ಸಂಜೆ ಮನೆಯಲ್ಲಿ ನಡೆಯುತ್ತಿದ್ದ. ಎರಡೇ ಕೋಣೆಯ ಮನೆ. ಹನ್ನೊಂದು ಕಿಲೋಮೀಟರಿಗೆ ಎಷ್ಟು ತಿರುವು ಬೇಕೋ ನೀವೇ ಊಹಿಸಿ. ಹೆಂಡತಿಯ ಡಬ್ಬಗಳನ್ನೆಲ್ಲ ಎತ್ತರದ ಕ್ರಮದಲ್ಲಿ ಜೋಡಿಸಿದ. ಮರುದಿನ ಅಕ್ಷರಕ್ರಮದಲ್ಲಿ ಜೋಡಿಸಿದ. ಅವಳಿಗೆ ಉಪ್ಪು ಸಿಗಲಿಲ್ಲ. ಕೆಳಮನೆಯವರು ಬಂದು, "ಮೇಲೆ ಮೆರವಣಿಗೆ ಯಾವಾಗ ಮುಗಿಯುತ್ತಮ್ಮಾ?" ಎಂದು ಕೇಳಿ ಹೋದರು. ಅವಳು ಗಂಡನ ಕಾಲನ್ನೇ ನೋಡುತ್ತಿದ್ದಳು.

ಗ್ರಂಥಾಲಯದಲ್ಲಿ ಇನ್ನೊಂದು ವಿಚಿತ್ರ ನಡೆದಿತ್ತು. ಪುಸ್ತಕಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು, ಒಯ್ಯುವವರು ಕಡಿಮೆಯಾಗಿದ್ದರು. ದರ್ಜಿ ಬಂದು ಅತ್ತಿತ್ತ ನೋಡಿ ಪತ್ರಿಕೆ ತಿರುವಿ ಎದ್ದು ಹೋಗುತ್ತಿದ್ದ. ನರ್ಸಮ್ಮ ಕಪಾಟುಗಳ ನಡುವೆ ದಾರಿತಪ್ಪಿದವಳಂತೆ ನಿಲ್ಲುತ್ತಿದ್ದಳು. ಸೀಲಪ್ಪನ ಮೊಹರಿನ ಶಾಯಿ ಒಣಗಿತು. ಕಾರಣ ಯಾರಿಗೂ ಹೊಳೆಯಲಿಲ್ಲ. ಹವೆ ಬದಲಾದದ್ದಕ್ಕೆ ಹೀಗೆ ಎಂದರು ಮೇಡಂ.

ಆ ಶನಿವಾರ ಬಂತು. ಬಣ್ಣದ ಕಾಗದ, ಗೋಡೆಯ ಮೇಲೆ ಮಕ್ಕಳ ಚಿತ್ರ, ಸಾಲು ಕುರ್ಚಿ. ನೂರೈವತ್ತು ಜನ ಸೇರಿದರು. ದೊಡ್ಡ ಅಧಿಕಾರಿ 'ಸಿಬ್ಬಂದಿಗೆ ಉತ್ತೇಜನ ಏಕೆ' ಎಂಬ ವಿಷಯದ ಮೇಲೆ ಮಾತು ಶುರುಮಾಡಿದರು. ಅವರು ಶುರುಮಾಡಿದಾಗ ಹಲ್ಲಿಲ್ಲದ ಕೂಸುಗಳಿಗೆ ಮುಗಿಸುವ ಹೊತ್ತಿಗೆ ಎರಡು ಹಲ್ಲು ಬಂದಿತ್ತು ಎಂದರೆ ಹೆಚ್ಚಲ್ಲ. ಜನ ಆಕಳಿಸಿದರು, ಗಡಿಯಾರ ನೋಡಿದರು, ಹಿಂದಿನ ಸಾಲಿನವರು ಒಬ್ಬೊಬ್ಬರೇ ಜಾರಿದರು. ಗಾಲಿಯಣ್ಣನ ಹೆಂಡತಿ ಮುಂದಿನ ಸಾಲಿನಲ್ಲಿ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ಆ ಕಟ್ಟಡಕ್ಕೆ ಅವಳು ಬಂದದ್ದು ಅದೇ ಮೊದಲು. ಅವನು ನೀಲಿ ದಿಂಬಿನ ಮೇಲೆ, ಮೇಜಿನ ಹಿಂದೆ, ಮೊಣಕಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದ.

ಆಗ ಕನ್ನಡಕದಜ್ಜಿ ಕೋಲೂರಿಕೊಂಡು ಅವನ ಮೇಜಿಗೆ ಬಂದಳು. ಆಕೆಯ ಕನ್ನಡಕದ ಗಾಜಿನಲ್ಲಿ ನೋಡಿದರೆ ಇರುವೆ ಬೆಕ್ಕಿನಷ್ಟು ಕಾಣಬೇಕು, ಅಷ್ಟು ದಪ್ಪ.

"ನನ್ನ ಪುಸ್ತಕ ಎಲ್ಲಪ್ಪಾ?"

"ಮೂರನೇ ಸಾಲು, ಕೆಳಗಿನ ಹಲಗೆ ಅಜ್ಜಿ," ಎಂದ ಅವನು ಪಿಸುದನಿಯಲ್ಲಿ.

"ಕೆಳಗಿನ ಹಲಗೇನಾ? ಅಲ್ಲಿಗೆ ಬಗ್ಗಿದ್ರೆ ನಾನು ಮತ್ತೆ ಏಳೋದು ನನ್ನ ಮರಿಮಗನ ಮದುವೆಗೇ! ಮೂರು ವಾರ ಆಯ್ತು, ಬರೀ ಕೈಲಿ ಹೋಗ್ತಿದೀನಿ. ನಿನ್ನ ಗಾಡಿ ನನ್ನ ಸೊಂಟದ ಎತ್ತರಕ್ಕೆ ತಂದು ನಿಲ್ಲಿಸ್ತಿತ್ತು. ಅದೆಲ್ಲಿ?"

"ಸೋಮವಾರ ಒಯ್ತಾರಂತೆ ಅಜ್ಜಿ."

"ಒಯ್ತಾರಾ? ನೀನೇನು ಮಾಡ್ತಿದೀಯ?"

"ನಾನು... ಕೂತಿದೀನಿ."

"ಕಾಣುತ್ತೆ," ಎಂದಳು ಅಜ್ಜಿ. "ಕೂರೋಕೆ ನಾನು ಸಾಲ್ದಾ? ನೀನೂ ಬೇಕಾ?"

ವೇದಿಕೆಯ ಮೇಲೆ ಅಧಿಕಾರಿ ಮಾತು ಮುಗಿಸಿ, ನೀರು ಕುಡಿದು, ಅಭಿನಂದನಾ ಪತ್ರ ಕೈಗೆತ್ತಿಕೊಂಡು ಅವನ ಹೆಸರು ಕರೆದರು. ಚಪ್ಪಾಳೆ ಬಿತ್ತು. ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ಕುರ್ಚಿಯಲ್ಲಿ ನೀಲಿ ದಿಂಬು ಒಂದೇ ಇತ್ತು.

ಮೂಲೆಯಿಂದ ಕಿರ್ರ್-ಕುಂಯ್ ಕೇಳಿಸಿತು.

ಮೂರು ವಾರದ ತುಕ್ಕು ಸೇರಿ ಗಾಲಿಯ ದನಿ ಇನ್ನೂ ಏರಿತ್ತು. ಗಾಡಿಯ ಮೇಲೆ ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಹೇರಿದ್ದ. ಗಾಡಿ ಮೊದಲು ಅಜ್ಜಿಯ ಮುಂದೆ ನಿಧಾನವಾಯಿತು. ಅಜ್ಜಿ ದಪ್ಪಕ್ಷರದ್ದೊಂದನ್ನು ಎತ್ತಿಕೊಂಡಳು. ಆಮೇಲೆ ದರ್ಜಿ ಎದ್ದ, ನರ್ಸಮ್ಮ ಎದ್ದಳು, ಬಾಗಿಲಾಚೆ ಜಾರಿದ್ದವರು ಸದ್ದು ಕೇಳಿ ವಾಪಸ್ಸು ಬಂದರು. ನಾಯಿಗಳು ಬಾಗಿಲಿಗೆ ಬಂದು ಇಣುಕಿದವು. ಇದಕ್ಕೆ ನಾನೇ ಸಾಕ್ಷಿ, ಬೇರೆ ಸಾಕ್ಷಿ ಕೇಳಬೇಡಿ. ಗಾಡಿಯ ಹಿಂದೆ ಜನ ಸಾಲುಗಟ್ಟಿ ಸುತ್ತತೊಡಗಿದರು. ಸೀಲಪ್ಪ ಒಣಗಿದ ಶಾಯಿಗೆ ನೀರು ಹನಿಸಿ ಮೊಹರು ಒತ್ತಲು ಕೂತ.

ಅಧಿಕಾರಿ ಪತ್ರ ಹಿಡಿದುಕೊಂಡೇ ನಿಂತಿದ್ದರು. ಮೇಡಮ್ಮಿನ ಮುಖ ಕೆಂಪಾಗಿತ್ತು. ಎರಡನೆಯ ಸುತ್ತಿನಲ್ಲಿ ಗಾಡಿ ಆಕೆಯ ಮುಂದೆ ಬಂದಾಗ ಗಾಲಿಯಣ್ಣ ನಿಂತ, ತಲೆ ಎತ್ತಲಿಲ್ಲ.

"ಮೇಡಂ, ತಪ್ಪಾಯ್ತು. ಆದ್ರೆ ಈ ಗಾಡಿ ಕಳಿಸ್ಬೇಡಿ. ಕುರ್ಚಿ ಬೇಕಾದ್ರೆ ಕಳಿಸಿ."

"ಕಾಲು ಅಣ್ಣಾ, ನಿಮ್ಮ ಕಾಲು..."

ಮೇಡಂ ಮಾತು ಮುಗಿಸುವ ಮುನ್ನ ಅವನ ಹೆಂಡತಿ ಎದ್ದು ಬಂದಳು. ಗಾಲಿಯಣ್ಣ ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡ. ಅಧಿಕಾರಿಗೆ ಹೆದರದವನು ಈಗ ಬೆವತ.

"ನೋಡಮ್ಮಾ," ಎಂದಳು ಅವಳು ಮೇಡಮ್ಮಿಗೆ, "ನೀನು ಒಳ್ಳೇದಕ್ಕೇ ಮಾಡಿದೆ. ನಂಗೂ ಆಸೆ ಇತ್ತು, ಇವರು ಒಂದು ದಿನ ಕೂರಲಿ ಅಂತ. ಕೂತ್ರು, ನೋಡಿದ್ದಾಯ್ತು. ಇಲ್ಲಿ ಕೂತ್ರೆ ಮನೇಲಿ ನಡೀತಾರೆ. ಕೆಳಮನೆಯವರು ಮನೆ ಬಿಡ್ತೀವಿ ಅಂತಿದಾರೆ, ನಂಗೆ ಉಪ್ಪಿನ ಡಬ್ಬ ಸಿಕ್ತಿಲ್ಲ. ನೀವೇ ನಡೆಸ್ಕೊಳ್ರಮ್ಮಾ. ಕಾಲು ನಾನು ನೋಡ್ಕೋತೀನಿ."

ಮೊದಲು ನಕ್ಕವನು ಸೀಲಪ್ಪ. ಆಮೇಲೆ ಮೇಡಂ, ಕಣ್ಣೊರೆಸಿಕೊಂಡು. "ಒಂದೇ ಸುತ್ತು," ಎಂದರು ಬೆರಳೆತ್ತಿ. "ಎರಡಲ್ಲ, ಒಂದೇ."

"ಒಂದೂವರೆ," ಎಂದ ಗಾಲಿಯಣ್ಣ.

"ರೀ!" ಎಂದಳು ಹೆಂಡತಿ.

"ಒಂದೇ," ಎಂದ.

ಸೋಮವಾರ ವ್ಯಾನು ಖಾಲಿ ಹೋಯಿತು. ಕುರ್ಚಿಯನ್ನು ಕಿಟಕಿಯ ಹತ್ತಿರ ಹಾಕಿದರು. ನೀಲಿ ದಿಂಬಿನ ಮೇಲೆ ಈಗ ಕನ್ನಡಕದಜ್ಜಿ ಕೂತು ಗಾಡಿ ತನ್ನ ಬಳಿಗೆ ಬರಲೆಂದು ಕಾಯುತ್ತಾಳೆ. ದೊಡ್ಡ ಅಧಿಕಾರಿಯೂ ಸುಮ್ಮನಿರಲಿಲ್ಲ, ಹನ್ನೊಂದು ವರ್ಷದ ಬೇಡಿಕೆಯನ್ನು ಹದಿನೈದೇ ದಿನದಲ್ಲಿ ಈಡೇರಿಸಿ ಹೊಚ್ಚಹೊಸ ಗಾಲಿ ಕಳಿಸಿದರು. ಹಾಕಿಸಿದ್ದಾಯಿತು. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು, ಒಂದಿಷ್ಟೂ ಸದ್ದಿಲ್ಲ. ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ದರ್ಜಿಯ ಪತ್ತೇದಾರಿ ಮುಂದೆ ಹೊರಟುಹೋಯಿತು, ತೂಕಡಿಸುತ್ತಿದ್ದ ಅಜ್ಜಿ ಎಚ್ಚರಾಗಿ ಬೈದಳು. ಮೂರನೆಯ ದಿನ ಗಾಲಿಯಣ್ಣ ಹಳೆಯ ಗಾಲಿಯನ್ನೇ ಮರಳಿ ಜೋಡಿಸಿದ. ಹೊಸದು ಸೀಲಪ್ಪನ ಮೇಜಿನ ಮೇಲೆ, ಕಾಗದ ಹಾರದಂತೆ ಭಾರಕ್ಕಿದೆ.

ಒಂದೇ ಸುತ್ತು ಎಂಬ ಮಾತನ್ನು ಅವನು ಇಂದಿಗೂ ತಪ್ಪಿಲ್ಲ. ಆ ಒಂದು ಸುತ್ತು ಬೆಳಿಗ್ಗೆ ಬಾಗಿಲು ತೆರೆದಾಗ ಶುರುವಾಗುತ್ತದೆ, ಸಂಜೆ ಬಾಗಿಲು ಹಾಕುವಾಗ ಮುಗಿಯುತ್ತದೆ.