ವಾಂಬ್ಯಾಟ್‌ನ ಚೀಲ ಯಾವ ಕಡೆಗೆ

ಸಿಡ್ನಿಯ ಗಿರಾವೀನ್ ಬಡಾವಣೆಯ ಸಂಧ್ಯಾರಾಣಿ ಸುಳ್ಳು ಹೇಳುವ ಹೆಂಗಸಲ್ಲ. ಆದರೆ ತನ್ನ ನೌಕರಿಯ ವಿಷಯದಲ್ಲಿ ಮಾತ್ರ ನಾಲ್ಕು ವರ್ಷ ಅವಳು ನಿಜವನ್ನು ಪೂರ್ತಿ ಹೇಳಿರಲಿಲ್ಲ.

ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮಾಡಿದವಳು. ಗಂಡ ಶಶಿಧರನ ಜೊತೆ ಸಿಡ್ನಿಗೆ ಬಂದು, ಅರ್ಜಿ ಹಾಕಿ ಹಾಕಿ ಬೇಸತ್ತ ಮೇಲೆ ಸಿಕ್ಕಿದ್ದು ಮೊಬೈಲ್‌ನಲ್ಲಿ ಆಡುವ ಸ್ಲಾಟ್ ಎಂಬ ಜೂಜಿನ ಆಟಗಳನ್ನು ತಯಾರಿಸುವ ಕಂಪನಿಯ ಕೆಲಸ. ಪರದೆಯ ಮೇಲೆ ಐದು ಪಟ್ಟಿಗಳು ಗರಗರ ತಿರುಗಿ ನಿಲ್ಲುತ್ತವೆ. ಒಂದೇ ಚಿತ್ರ ಸಾಲಾಗಿ ಬಂದರೆ ಗೆಲುವು. ಈ ಸಲದ ಆಟದ ನಾಯಕ ವಾಂಬ್ಯಾಟ್. ಹಂದಿಮರಿಗೆ ಕರಡಿಯ ತುಪ್ಪಟ ಹೊದಿಸಿದಂತೆ ಕಾಣುವ, ನೆಲದಲ್ಲಿ ಬಿಲ ತೋಡುವ ಇಲ್ಲಿನ ಪ್ರಾಣಿ. ಆಟದಲ್ಲಿ ಮೂರು ವಾಂಬ್ಯಾಟ್ ಒಟ್ಟಿಗೆ ಬಂದರೆ ಅವು ಪಟ್ಟಿಗಳ ಕೆಳಗೆ ತೋಡತೊಡಗುತ್ತವೆ. ತೋಡಿದಷ್ಟೂ ಪಟ್ಟಿಗಳು ಉದ್ದವಾಗಿ, ಮೂರು ಚಿತ್ರಗಳಿದ್ದಲ್ಲಿ ಏಳು ಕಾಣುತ್ತವೆ. ಆ ಮೂರು ಎಷ್ಟು ಸಲಕ್ಕೊಮ್ಮೆ ಮುಖ ತೋರಿಸಬೇಕೆಂದು ಲೆಕ್ಕ ಹಾಕುವುದು ಸಂಧ್ಯಾರಾಣಿಯ ಕೆಲಸ.

ಸವದತ್ತಿಯಲ್ಲಿದ್ದ ಮಾವ ಶಿವಪುತ್ರಪ್ಪನವರು ಫೋನಿನಲ್ಲಿ ಕೇಳಿದಾಗ ಅವಳು, "ಪ್ರಾಣಿಗಳ ಲೆಕ್ಕಾ ಮಾಡ್ತೀನ್ರಿ ಮಾವಾರ," ಎಂದಿದ್ದಳು. ಅಷ್ಟು ಸಾಕಾಯಿತು. ಶಿವಪುತ್ರಪ್ಪನವರು ಮೂವತ್ತೈದು ವರ್ಷ ಪಶು ಆಸ್ಪತ್ರೆಯಲ್ಲಿದ್ದವರು, ಊರಿನ ಬಾಯಲ್ಲಿ ದನದ ಡಾಕ್ಟರು. ನಾಲ್ಕು ಜಾನುವಾರು ಗಣತಿ ಮಾಡಿ ಮುಗಿಸಿದವರು. ಮಗ ಇನ್ಶೂರೆನ್ಸ್ ಕಂಪನಿಗೆ ಸೇರಿದ್ದು ಅವರಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಸೊಸೆಯಾದರೂ ತಮ್ಮ ದಾರಿ ಹಿಡಿದಳಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದರು.

ಈ ಫೆಬ್ರವರಿಯಲ್ಲಿ ಅವರು ಆರು ತಿಂಗಳ ವೀಸಾದ ಮೇಲೆ ಸಿಡ್ನಿಗೇ ಬಂದಿಳಿದರು. ಸಂಧ್ಯಾರಾಣಿ ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವವಳು. ಮಾವ ಚಹಾ ಹಿಡಿದು ಎದುರಿಗೆ ಕೂಡುವರು.

"ಯಾವಾಗ ರಿಲೀಸ್ ಅಂದಿ, ಸಂಧ್ಯವ್ವಾ?"

"ಮೇ ತಿಂಗಳಾಗ್ರಿ. ಮೊದಲ ಸಿಡ್ನಿ, ಮೆಲ್ಬರ್ನಿಗಷ್ಟ ಬಿಟ್ಟು ನೋಡ್ತೀವಿ. ಆಮ್ಯಾಲೆ ಬ್ಯಾರೆ ದೇಶಕ್ಕ."

"ಬ್ಯಾರೆ ದೇಶಕ್ಕ? ಅಲ್ಲಿ ಹವಾ ಒಗ್ಗತೈತೇನ ಅವಕ್ಕ?"

ಸಂಧ್ಯಾರಾಣಿ ಬಾಯಿ ತೆರೆದಳು. ಅಷ್ಟರಲ್ಲಿ ಆಟದ ಚಿತ್ರಗಳು ತಯಾರಾಗುವ ಮೆಲ್ಬರ್ನ್ ಆಫೀಸಿನಿಂದ ಕರೆ ಬಂತು. ಕರೆ ಮುಗಿಸಿ, ತಲೆ ಹಿಡಿದುಕೊಂಡು ತನಗೆ ತಾನೇ ಅಂದಳು: "ಮೆಲ್ಬರ್ನಿಂದ ಕಳಿಸಿದ್ದು ಎಲ್ಲಾ ಹಿಂಗ. ಎರಡ ಹೆಜ್ಜಿ ಇಟ್ಟು ನಿಂತಬಿಡ್ತಾವು, ಅಲ್ಲಾಡಂಗಿಲ್ಲ."

"ಗೊರಸು ನೋಡಿರೇನು? ಕಾಲುಬಾಯಿ ಬೇನಿ ಇರಬಹುದು," ಎಂದರು ಶಿವಪುತ್ರಪ್ಪನವರು ಗಂಭೀರವಾಗಿ.

ನಿಜ ಹೇಳಬೇಕೆಂದು ಅವಳು ದಿನಾ ಅಂದುಕೊಂಡಳು. ದಿನಾ ಅವರು ಲೈಬ್ರರಿಯಿಂದ ವಾಂಬ್ಯಾಟ್ ಕುರಿತ ಹೊಸ ಪುಸ್ತಕ ತಂದು, ಸೊಸೆಗೆ ಬೇಕಾದೀತೆಂದು ಟಿಪ್ಪಣಿ ಬರೆದಿಟ್ಟರು. ಹೇಳುವುದು ಇನ್ನಷ್ಟು ಕಷ್ಟವಾಯಿತು.

ಶಿವಪುತ್ರಪ್ಪನವರು ಸಂಜೆ ವಾಕಿಂಗ್ ಹೋಗುವ ಪಾರ್ಕಿನಲ್ಲಿ ಕನ್ನಡ ಸಂಘದ ಸತ್ಯನಾರಾಯಣ ಸಿಕ್ಕರು. ಮೈಸೂರಿನವರು, ಬಲು ಉತ್ಸಾಹಿ. ಮರುದಿನವೇ ಸಂಧ್ಯಾರಾಣಿಗೆ ಫೋನ್ ಬಂತು.

"ಏನ್ ಮೇಡಂ ನೀವು! ಇಷ್ಟು ದೊಡ್ಡ ಕೆಲಸ ಮಾಡ್ತಿದ್ದೀರಾ, ಒಂದ್ಸಲನಾದ್ರೂ ಹೇಳ್ಬಾರ್ದಾ? ಅಂಕಲ್ ಎಲ್ಲಾ ಹೇಳಿದ್ರು. ಮುಂದಿನ ಶನಿವಾರ ಮಕ್ಕಳ ಪ್ರೋಗ್ರಾಂಗೆ ನೀವೇ ಚೀಫ್ ಗೆಸ್ಟ್. ಪೋಸ್ಟರ್ ಆಗ್ಲೇ ವಾಟ್ಸಾಪ್‌ನಲ್ಲಿ ಹೋಗ್ಬಿಟ್ಟಿದೆ."

ಪೋಸ್ಟರಿನಲ್ಲಿ ಅವಳ ಫೋಟೋದ ಕೆಳಗೆ 'ವನ್ಯಜೀವಿ ವಿಜ್ಞಾನಿ' ಎಂದಿತ್ತು. ಶಶಿಧರ ಅದನ್ನು ನೋಡಿ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ. "ಕಾಂಗರೂ ಬಗ್ಗೆ ಎರಡು ಮಾತಾಡಿ ಬಂದಬಿಡು. ಯಾರಿಗೆ ಗೊತ್ತಾಗ್ತದ?"

ಶನಿವಾರ ಸಭಾಂಗಣದಲ್ಲಿ ಎಂಬತ್ತು ಮಕ್ಕಳು, ಅವರ ಹಿಂದೆ ತಂದೆ ತಾಯಂದಿರು. ಮುಂದಿನ ಸಾಲಿನಲ್ಲಿ ಶಿವಪುತ್ರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ರೆಕಾರ್ಡ್ ಮಾಡಲು ಮೊಬೈಲ್ ಎತ್ತಿ ಹಿಡಿದು ಕೂತಿದ್ದರು. ಸಂಧ್ಯಾರಾಣಿ ಮಾವನ ಟಿಪ್ಪಣಿಗಳನ್ನೇ ಓದಿ ಹತ್ತು ನಿಮಿಷ ಕಳೆದಳು. ಆಮೇಲೆ ಎಂಟು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಆಂಟಿ, ಹ್ಯಾವ್ ಯು ಎವರ್ ಟಚ್ಡ್ ಎ ವಾಂಬ್ಯಾಟ್?"

ಸಂಧ್ಯಾರಾಣಿ ಮುಟ್ಟುವುದಿರಲಿ, ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಹೌದು ಎಂದರೆ ಮುಗಿಯುತ್ತಿತ್ತು. ಆದರೆ ಮಾವನ ಮೊಬೈಲ್ ಎದುರಿಗಿತ್ತು. ಆ ವಿಡಿಯೋ ಸವದತ್ತಿಯ ಪಶು ಆಸ್ಪತ್ರೆಯ ತನಕ ಹೋಗುವುದು ಖಚಿತವಿತ್ತು.

"ಇಲ್ಲ ಪುಟ್ಟಾ," ಎಂದಳು. "ನಾನು ವಿಜ್ಞಾನಿ ಅಲ್ಲ. ನಾನು ಸ್ಲಾಟ್ ಗೇಮ್ ಮಾಡ್ತೀನಿ. ಅದರಲ್ಲಿ ವಾಂಬ್ಯಾಟ್ ಚಿತ್ರ ಇರ್ತದೆ. ಅದು ಯಾವಾಗ ಬರಬೇಕು ಅಂತ ಲೆಕ್ಕ ಹಾಕ್ತೀನಿ. ಅಷ್ಟೇ."

ಮಕ್ಕಳು ಕುಣಿದಾಡಿದರು. ಗೇಮ್ ಮಾಡುವ ಆಂಟಿ ವಿಜ್ಞಾನಿಗಿಂತ ದೊಡ್ಡವಳು. ದೊಡ್ಡವರ ಸಾಲು ಮಾತ್ರ ಕೆಮ್ಮಿತು. ಶಿವಪುತ್ರಪ್ಪನವರು ಮೊಬೈಲನ್ನು ಮೆಲ್ಲಗೆ ಕೆಳಗಿಳಿಸಿದರು.

ಕಾರ್ ಪಾರ್ಕಿನಲ್ಲಿ ಸತ್ಯನಾರಾಯಣ ಓಡುತ್ತ ಬಂದರು. ಬೈಯುತ್ತಾರೆಂದುಕೊಂಡಳು. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಮೇಡಂ, ಒಂದು ಡೌಟು. ಬೆಳಿಗ್ಗೆ ಆಡೋದು ಒಳ್ಳೇದಾ, ಸಂಜೆನಾ?"

"ಯಾವಾಗ ಆಡಿದ್ರೂ ಒಂದೇ ಸರ್. ಕೊನೆಗೆ ಸೋಲೋ ಹಾಗೇ ಲೆಕ್ಕ ಇರ್ತದೆ."

"ಹೌದಾ? ನಮ್ಮ ಮನೆಯವಳಿಗೆ ಮಾತ್ರ ಹೇಳ್ಬೇಡಿ," ಎಂದು ಅವರು ಹೊರಟುಹೋದರು.

ಎರಡು ದಿನ ಶಿವಪುತ್ರಪ್ಪನವರು ಲೈಬ್ರರಿಯ ಕಡೆ ಹೋಗಲಿಲ್ಲ. ಊಟಕ್ಕೆ ಕರೆದರೆ ಬರುವರು, ತಟ್ಟೆ ತೊಳೆದಿಟ್ಟು ಏಳುವರು. ಸಂಧ್ಯಾರಾಣಿ ಕ್ಷಮೆ ಕೇಳಲು ಹೋದರೆ ಕೈ ಅಡ್ಡ ಮಾಡುವರು. ಮೂರನೆಯ ದಿನ ಬೆಳಿಗ್ಗೆ ಅವಳ ಮುಂದೆ ಬಂದು ಕೂತು, ಕನ್ನಡಕ ಹಾಕಿಕೊಂಡರು.

"ತೋರಸು."

"ಏನ್ರಿ?"

"ಅದ ನಿಮ್ಮ ಪ್ರಾಣಿ."

ಅವಳು ತೋರಿಸಿದಳು. ಪಟ್ಟಿಗಳು ತಿರುಗಿದವು, ಮೂರು ವಾಂಬ್ಯಾಟ್ ಬಂದು ಮಣ್ಣು ತೋಡಿದವು, ಪಟ್ಟಿಗಳು ಜಗ್ಗಿದ ರಬ್ಬರಿನಂತೆ ಉದ್ದವಾದವು. ದೊಡ್ಡ ಗೆಲುವಿಗೆ ತಾಯಿ ವಾಂಬ್ಯಾಟ್ ಎದ್ದು ನಿಂತಿತು. ಹೊಟ್ಟೆಯ ಚೀಲದಿಂದ ಮರಿಯೊಂದು ತಲೆ ಹೊರಹಾಕಿ ಕೈ ಬೀಸಿತು.

"ನಿಲ್ಲಸು!" ಎಂದು ಶಿವಪುತ್ರಪ್ಪನವರು ಕೂಗಿದ ಹೊಡೆತಕ್ಕೆ ಒಳಗಿದ್ದ ಶಶಿಧರ ಓಡಿಬಂದ. "ಚೀಲದ ಬಾಯಿ ಮುಂದಕ್ಕ ಮಾಡ್ಯಾರ! ಕಾಂಗರೂಂದು ಮುಂದಕ್ಕ. ಇದು ನೆಲಾ ಅಗಿಯೂ ಪ್ರಾಣಿ. ಚೀಲದ ಬಾಯಿ ಹಿಂದಕ್ಕ ಇರತೈತಿ, ಇಲ್ಲಂದ್ರ ಮರಿ ಬಾಯಾಗ ಮಣ್ಣು ತುಂಬತೈತಿ. ನಾ ಬರದ ಕೊಟ್ಟಿದ್ನಲ್ಲಾ, ನೀ ಓದಲಿಲ್ಲೇನು?"

ಓದಿದ್ದಳು, ವೇದಿಕೆಯ ಮೇಲೆ. ಆದರೆ ತಲೆಗೆ ಹೋಗಿರಲಿಲ್ಲ.

ಅವರು ಒಂದು ಹಾಳೆಯಲ್ಲಿ ಹನ್ನೊಂದು ತಪ್ಪು ಪಟ್ಟಿ ಮಾಡಿದರು, ತಮ್ಮ ಇಲಾಖೆಯ ಇಂಗ್ಲಿಷಿನಲ್ಲಿ, ಕೆಳಗೆ ಸಹಿ ಸಮೇತ. ಸಂಧ್ಯಾರಾಣಿ ಅದನ್ನು ಮೆಲ್ಬರ್ನಿನಲ್ಲಿದ್ದ ಚಿತ್ರಗಾರ್ತಿ ಹೆಲೆನ್‌ಗೆ ಕಳಿಸಿದಳು. ಹೆಲೆನ್ ಒಂದು ಗಂಟೆಯೊಳಗೆ ಫೋನ್ ಮಾಡಿದಳು. ಆಸ್ಟ್ರೇಲಿಯದಲ್ಲೇ ಹುಟ್ಟಿ ಬೆಳೆದವಳು ತಾನು, ಸವದತ್ತಿಯವರಿಂದ ಕಲಿಯಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆ. ಏಪ್ರಿಲ್‌ನಲ್ಲಿ ಮೆಲ್ಬರ್ನಿನ ಪಾಯಿಂಟ್ ಕುಕ್ ಬಡಾವಣೆಗೆ, ಗೆಳೆಯರ ಗೃಹಪ್ರವೇಶಕ್ಕೆ ಮನೆಯವರೆಲ್ಲ ಹೋಗುವುದಿತ್ತು. ಅದರ ಮರುದಿನ ಮಾವನನ್ನು ತನ್ನ ಆಫೀಸಿಗೆ ಕರೆತರಬೇಕೆಂದು ಹೆಲೆನ್ ಪಟ್ಟು ಹಿಡಿದಳು.

ಅಲ್ಲಿ ಶಿವಪುತ್ರಪ್ಪನವರು ಮೇಜಿನ ಮೇಲೆ ಎರಡೂ ಮುಂಗೈ ಊರಿ, ವಾಂಬ್ಯಾಟ್ ಹೇಗೆ ಅಗೆಯುತ್ತದೆಂದು ಮಾಡಿ ತೋರಿಸಿದರು. ಹೆಲೆನ್ ಅಲ್ಲಿಯೇ ತಿದ್ದಿದಳು. ಈಗ ತಾಯಿ ವಾಂಬ್ಯಾಟ್ ಬೆನ್ನು ತಿರುಗಿಸಿ ನಿಂತಿತು. ಹಿಂಗಾಲುಗಳ ನಡುವಿನಿಂದ ಮರಿ ತಲೆಕೆಳಗಾಗಿ ಇಣುಕಿತು. ಆಫೀಸಿಗೆ ಆಫೀಸೇ ನಕ್ಕಿತು.

"ಒಮ್ಮೆ ಆಡಿ ನೋಡಿ," ಎಂದು ಹೆಲೆನ್ ಮೊಬೈಲ್ ಅವರ ಮುಂದಿಟ್ಟು ಆಟದ ಬಟನ್ ತೋರಿಸಿದಳು.

ಒತ್ತಿದರು. ಎರಡು ವಾಂಬ್ಯಾಟ್ ಬಂದವು, ಮೂರನೆಯದು ಪಟ್ಟಿಯ ಅಂಚಿನಲ್ಲಿ ಮೂಗು ತೋರಿಸಿ ಜಾರಿಹೋಯಿತು. ಮತ್ತೆ ಒತ್ತಿದರು. ಮತ್ತೆ. ಹೆಲೆನ್ ಕಾಫಿ ತರಲು ಹೋಗಿ ಬಂದಳು. ಅವರು ಒತ್ತುತ್ತಲೇ ಇದ್ದರು.

"ಸಾಕ್ರಿ ಮಾವಾರ, ವಿಮಾನಕ್ಕ ಹೊತ್ತಾತು."

"ತಡಿ ಬೇ, ಈಗ ಬರತೈತಿ. ಮೂಗ ಕಂಡೈತಿ."

ಕೊನೆಗೆ ಅವಳು ಅವರ ಕೈಯನ್ನು ಬಟನ್ನಿನ ಮೇಲಿಂದ ಎತ್ತಬೇಕಾಯಿತು. ಮೂಗು ಕಾಣಿಸಿ ಜಾರಿಹೋಗುವ ಆ ಲೆಕ್ಕ ಅವಳದೇ ಆಗಿತ್ತು. ಅದು ಕೆಲಸ ಮಾಡುವುದನ್ನು ಅಷ್ಟು ಹತ್ತಿರದಿಂದ ಅವಳು ನೋಡಿದ್ದು ಅದೇ ಮೊದಲು.

ವಿಮಾನದಲ್ಲಿ ಶಿವಪುತ್ರಪ್ಪನವರು ಕೇಳಿದರು:

"ಎಷ್ಟ ಸಲಾ ಒತ್ತಿದ್ನಿ?"

"ಅರವತ್ನಾಲ್ಕ್ರಿ."

ಅವರು ಕಿಟಕಿಯ ಕಡೆ ತಿರುಗಿದರು. "ಇದು ಕೆಟ್ಟ ವಸ್ತು ಐತಿ, ಸಂಧ್ಯವ್ವಾ."

"ಹೌದ್ರಿ ಮಾವಾರ."

"ಭಾಳ ಚೊಲೋ ಮಾಡೀರಿ."

ಚೀಲ ತಿದ್ದುವ ಗಲಾಟೆಯಲ್ಲಿ ಆಟ ಒಂದು ತಿಂಗಳು ತಡವಾಗಿ ಬಿಡುಗಡೆಯಾಯಿತು. ಅದಾದ ವಾರವೇ ಸಂಧ್ಯಾರಾಣಿ ಬೇರೆ ಕಡೆ ಅರ್ಜಿ ಹಾಕಲು ಶುರುಮಾಡಿದಳು. ಈಗ ಅವಳು ರೈಲ್ವೆಯಲ್ಲಿ, ಯಾವ ಸ್ಟೇಷನ್ನಿನಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಹತ್ತುತ್ತಾರೆಂಬ ಲೆಕ್ಕ ಹಾಕುತ್ತಾಳೆ. ಯಾರು ಕೇಳಿದರೂ ಒಂದೇ ಉಸಿರಿಗೆ ಹೇಳಬಹುದಾದ ನೌಕರಿ. ಶಿವಪುತ್ರಪ್ಪನವರಿಗೂ ಸಂತೋಷವೇ; ಅದರಲ್ಲಿ ಪ್ರಾಣಿ ಒಂದೂ ಇಲ್ಲವೆಂಬುದಷ್ಟೇ ಅವರ ಬೇಸರ.